ಅಮೆರಿಕದ ಸಣ್ಣ ಊರುಗಳಲ್ಲಿ ಹೈಸ್ಕೂಲ್ ಫುಟ್ಬಾಲ್ ನೋಡೋಕೆ ಅಷ್ಟು ಜನ ಯಾಕೆ ಸೇರುತ್ತಾರೆ?

ಇದು ನಾವು ಕಾಲಲ್ಲಿ ಒದೆಯುವ ಫುಟ್ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಉದ್ದನೆಯ ಚೆಂಡು ಹಿಡಿದು ಓಡುವ ಆಟ.

ಒಹಾಯೊ ರಾಜ್ಯದ ಮ್ಯಾಸಿಲನ್ ನೋಡಿ. ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಊರು, ಜನಸಂಖ್ಯೆ ಸುಮಾರು 32 ಸಾವಿರ, ಆದರೆ ಹೈಸ್ಕೂಲ್ ತಂಡದ ಸ್ಟೇಡಿಯಂನಲ್ಲಿ 16 ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಅಂದರೆ ಅರ್ಧ ಊರೇ! ಅಲ್ಲಿ ಗಂಡು ಮಗು ಹುಟ್ಟಿದರೆ ತಂಡದ ಬೆಂಬಲಿಗರ ಸಂಘದವರು ಆಸ್ಪತ್ರೆಗೇ ಒಂದು ಪುಟ್ಟ ಫುಟ್ಬಾಲ್ ಕಳಿಸುತ್ತಿದ್ದರು. ಮಗು ಇನ್ನೂ ಕಣ್ಣು ಬಿಟ್ಟಿರಲ್ಲ, ಪಕ್ಕದಲ್ಲಿ ಚೆಂಡು. ಪಕ್ಕದ ಕ್ಯಾಂಟನ್ ಊರಿನ ಮೆಕಿನ್ಲಿ ಶಾಲೆ ಜೊತೆಗಿನ ಪೈಪೋಟಿ 1894ರಿಂದ ನಡೆದು ಬಂದಿದೆ.

ಕಾರಣ ಸರಳ. ಇಂಥ ಊರಲ್ಲಿ ಸಾಮಾನ್ಯವಾಗಿ ಒಂದೇ ಸರ್ಕಾರಿ ಹೈಸ್ಕೂಲ್, ಹಾಗಾಗಿ ಅಜ್ಜ, ಅಪ್ಪ, ಮಗ ಎಲ್ಲರೂ ಅದೇ ಶಾಲೆಯವರು. ಮೈದಾನದಲ್ಲಿ ಆಡುವವನು ಪಕ್ಕದ ಮನೆ ಹುಡುಗ, ಬ್ಯಾಂಡ್‌ನಲ್ಲಿ ಕಹಳೆ ಊದುವವಳು ಅವನ ತಂಗಿ, ತಿಂಡಿ ಮಾರುತ್ತಾ ನಿಂತಿರೋದು ಅಮ್ಮ. ಸುಮ್ನೆ ಮಾತಾಡೋಕೆ ಬರುವವರೇ ಎಷ್ಟೋ ಜನ, ನಮ್ಮ ಜಾತ್ರೆ ಥರಾನೇ ಅಲ್ವಾ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1961ರ ಒಂದು ಕಾನೂನಿನಿಂದಾಗಿ ಸೆಪ್ಟೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಶುಕ್ರವಾರ ಸಂಜೆ ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಫುಟ್ಬಾಲ್ ಲೀಗ್) ಪಂದ್ಯಗಳು ಟಿವಿಯಲ್ಲಿ ಬರೋದು ತೀರಾ ಅಪರೂಪ. ಆ ಸಂಜೆ ಶಾಲೆ ಹುಡುಗರ ಪಂದ್ಯಗಳದ್ದೇ.