ಕೊನೇ ಬೆಂಚಿನ ತಮ್ಮ

ಅಕ್ಕ, ನಿಮ್ಮ ಕಾಗದ ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳುತ್ತೇನೆ. ಅಮ್ಮನ ಬಳೆ ಅಡವಿಟ್ಟು ಆ ದುಡ್ಡಿನ ಜೊತೆ ಊರು ಬಿಟ್ಟಿದ್ದ ತಮ್ಮ ನಾಲ್ಕು ವರ್ಷದ ಮೇಲೆ ವಾಪಸ್ ಬಂದಿದ್ದಾನೆ. ಎರಡು ಭಾನುವಾರದಿಂದ ಚರ್ಚಿಗೂ ಬರುತ್ತಿದ್ದಾನೆ, ಆದರೆ ಕೊನೇ ಬೆಂಚಿನಲ್ಲಿ ಕೂತು ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಾನೆ. 'ಮೊದಲು ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಲಿ' ಅಂತ ಸಭೆಯ ಹಿರಿಯರೊಬ್ಬರು ಹೇಳಿದರಂತೆ. ನೀವು ನನ್ನನ್ನು ಕೇಳಿದ್ದು ಇದು: "ಯೇಸು ಸೌಮ್ಯ, ಕರುಣಾಮಯಿ ಅಂತ ಬರೆಯುತ್ತಲೇ ಇರುತ್ತೀರಿ. ಅದೇ ಯೇಸು ಚಾವಟಿ ಹಿಡಿಯಲಿಲ್ವಾ? ಸುಮ್ನೆ ಬಿಟ್ಟರೆ ತಪ್ಪಿಗೆ ಬೆಲೆಯೇ ಇಲ್ವಾ?"

ಚಾವಟಿಯ ವಿಷಯ ಮೊದಲು. ಹೌದು, ಹಿಡಿದರು. ಹಗ್ಗದಿಂದ ಚಾವಟಿ ಮಾಡಿ ಯೆರೂಸಲೇಮಿನ ದೇವಾಲಯದಿಂದ, ಅಲ್ಲಿ ಮಾರಲು ತಂದಿದ್ದ ದನ ಕುರಿಗಳನ್ನು ಹೊರಗಟ್ಟಿ, ಹಣ ಬದಲಾಯಿಸುವವರ ಮೇಜುಗಳನ್ನು ಉರುಳಿಸಿದ್ದನ್ನು ಯೋಹಾನ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅದರ ಜೊತೆಗೆ ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯವನ್ನೂ ಓದಿ. ಮೇಜುಗಳು ಉರುಳಿದ ಮೇಲೆ ಅದೇ ದೇವಾಲಯದಲ್ಲಿ ಕುರುಡರು, ಕುಂಟರು ಯೇಸುವಿನ ಹತ್ತಿರ ಬರುತ್ತಾರೆ, ಗುಣವಾಗುತ್ತಾರೆ. ಮಕ್ಕಳು ಜಯಕಾರ ಹಾಕುತ್ತಾರೆ. ಆ ಸಿಟ್ಟು ನೋಡಿ ಇವರ್ಯಾರೂ ಓಡಿಹೋಗಲಿಲ್ಲ! ಅದು ತಮ್ಮ ಮೇಲಿನ ಸಿಟ್ಟಲ್ಲ ಅಂತ ಅವರಿಗೆ ಗೊತ್ತಿತ್ತು.

ನಮ್ಮ ಬೈಬಲ್ಲಿನಲ್ಲಿ 'ಕನಿಕರಪಟ್ಟು' ಅಂತ ಓದುತ್ತೇವಲ್ಲ, ಅಲ್ಲಿ ಜಾಸ್ತಿ ಕಡೆ ಇರುವ ಗ್ರೀಕ್ ಮಾತು ಹುಟ್ಟಿರುವುದು ಹೊಟ್ಟೆಯೊಳಗಿನ ಕರುಳಿನ ಹೆಸರಿನಿಂದ. ಕರುಳು ಚುರುಕ್ ಅಂತು ಅನ್ನುತ್ತೇವಲ್ಲ, ಅದೇ. ನಾಯಿನ್ ಊರಿನ ವಿಧವೆಯ ಒಬ್ಬನೇ ಮಗ ಸತ್ತು ಹೆಣ ಹೊತ್ತು ಹೊರಟಾಗ ಯೇಸುಸ್ವಾಮಿಗೆ ಆದದ್ದು ಅದು. ಆಕೆ ಬೇಡಿಕೊಂಡಿರಲಿಲ್ಲ. 'ಅಳಬೇಡ' ಅಂದವರು ಮುಂದೆ ಹೋಗಿ ಚಟ್ಟವನ್ನೇ ಮುಟ್ಟಿದರು.

ಈಗ ನಿಮ್ಮ ತಮ್ಮ. ನನಗೆ ಅವನನ್ನು ನೆನೆದರೆ ಯೇಸುವಿನ ಶಿಷ್ಯ ಪೇತ್ರ ನೆನಪಾಗುತ್ತಾನೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಚಳಿ ಇತ್ತು, ಮಹಾಯಾಜಕನ ಅಂಗಳದಲ್ಲಿ ಆಳುಗಳು ಹಾಕಿದ್ದ ಇದ್ದಿಲು ಬೆಂಕಿಯ ಮುಂದೆ ಪೇತ್ರ ಮೈ ಕಾಯಿಸಿಕೊಳ್ಳುತ್ತಾ ನಿಂತಿದ್ದ, ಮತ್ತು ಆ ರಾತ್ರಿಯೇ 'ನನಗೆ ಅವನು ಗೊತ್ತೇ ಇಲ್ಲ' ಅಂತ ಮೂರು ಸಲ ಹೇಳಿದ. ಯೇಸುವಿನ ಪುನರುತ್ಥಾನವಾದ ಮೇಲೆ, ಅಂದರೆ ಅವರು ಸತ್ತು ಮತ್ತೆ ಜೀವದಿಂದ ಎದ್ದ ಮೇಲೆ, ಗಲಿಲಾಯದ ಸರೋವರದಲ್ಲಿ ಏಳು ಜನ ಶಿಷ್ಯರು ಇಡೀ ರಾತ್ರಿ ಬಲೆ ಬೀಸಿದರೂ ಒಂದು ಮೀನು ಸಿಕ್ಕಿರಲಿಲ್ಲ. ಬೆಳಗಿನ ಜಾವ ದಡದಿಂದ ಒಬ್ಬರು ಬಲಗಡೆ ಹಾಕಿ ಅಂದರು, 153 ಮೀನು ಬಿತ್ತು. ಅವರು ಸ್ವಾಮಿ ಅಂತ ಗೊತ್ತಾದ ಕೂಡಲೇ ಪೇತ್ರ ನೀರಿಗೆ ಹಾರಿದ. ದಡದಲ್ಲಿ ಏನಿತ್ತು ಗೊತ್ತಾ? ಇದ್ದಿಲು ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಆ ಬೆಂಕಿಗೆ ಯೋಹಾನ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದೇ ಎರಡು ಕಡೆ, ಅವತ್ತಿನ ಅಂಗಳದಲ್ಲಿ ಒಮ್ಮೆ, ಇಲ್ಲೊಮ್ಮೆ. ಆ ಹೊಗೆ ವಾಸನೆ ಮೂಗಿಗೆ ಬಿದ್ದಾಗ, ಒದ್ದೆ ಬಟ್ಟೆಯಲ್ಲಿ ನಿಂತ ಪೇತ್ರನ ಎದೆ ಹೇಗೆ ಹೊಡೆದುಕೊಂಡಿರಬೇಕು!

ಸ್ವಾಮಿ ಹೇಳಿದ್ದು 'ಬನ್ನಿ, ಊಟ ಮಾಡಿ' ಅಂತ. ರೊಟ್ಟಿಯನ್ನೂ ಮೀನನ್ನೂ ತಾವೇ ತೆಗೆದು ಕೊಟ್ಟರು. ಊಟ ಮುಗಿದ ಮೇಲೆಯೇ ಪೇತ್ರನಿಗೆ, ಸೀಮೋನ ಅನ್ನುವ ಅವನ ಮೊದಲ ಹೆಸರು ಹಿಡಿದು, ಪ್ರಶ್ನೆ ಬಂದದ್ದು: ಸೀಮೋನನೇ, ನೀನು ನನ್ನನ್ನು ಪ್ರೀತಿಸುತ್ತೀಯಾ? ಒಂದಲ್ಲ, ಮೂರು ಸಲ. ಮೂರನೇ ಸಲ ಪೇತ್ರನಿಗೆ ತುಂಬಾ ನೋವಾಯಿತು. ನೋಡಿ, ಸುಮ್ನೆ ಬಿಡಲಿಲ್ಲ. ಗಾಯ ಇದ್ದಲ್ಲಿಗೇ ಕೈ ಹೋಯಿತು. ಆದರೆ ಹೊಟ್ಟೆ ತುಂಬಿಸಿ, ಮೈ ಬೆಚ್ಚಗಾದ ಮೇಲೆ. ಯಾಕೆ ಹಾಗೆ ಮಾಡಿದೆ ಅಂತ ಒಂದು ಮಾತು ಕೇಳಲಿಲ್ಲ, ಬದಲಿಗೆ 'ನನ್ನ ಕುರಿಗಳನ್ನು ಮೇಯಿಸು' ಅಂತ ಕೆಲಸ ಒಪ್ಪಿಸಿದರು.

ನಿಮ್ಮ ಹಿರಿಯರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅವರು ಪ್ರಶ್ನೆಯನ್ನು ಊಟಕ್ಕಿಂತ ಮುಂದೆ ಇಟ್ಟುಬಿಟ್ಟರು. ಬಳೆಯ ಲೆಕ್ಕ ನಿಮ್ಮ ತಮ್ಮ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಡಬೇಕಾದದ್ದು ಅಮ್ಮನಿಗೆ, ಇಡೀ ಸಭೆಗಲ್ಲ. ಕ್ಷಮಿಸಬೇಕಾದವರೂ ಅಮ್ಮನೇ. ಅವರಿಗೆ ಸಮಯ ಬೇಕಾದರೆ ದಯವಿಟ್ಟು ಅವಸರ ಮಾಡಬೇಡಿ, ಯೇಸುವಿನ ಹೆಸರು ಹೇಳಿ ಒತ್ತಾಯವನ್ನೂ ಮಾಡಬೇಡಿ.

ಕಾಗದದ ಕೊನೆಯಲ್ಲಿ 'ಅವನು ತುಂಬಾ ಸೊರಗಿದ್ದಾನೆ' ಅಂತ ಬರೆದು, ಆಮೇಲೆ ಗೀಟು ಹಾಕಿದ್ದೀರಿ. ಗೀಟಿನ ಕೆಳಗಿದ್ದರೂ ನನಗೆ ಓದಲು ಬಂತು, ಅಕ್ಕ.

ಈ ಭಾನುವಾರ ನೀವೂ ಕೊನೇ ಬೆಂಚಿನಲ್ಲೇ ಕೂತುಕೊಳ್ಳಿ. ಅವನು ಎದ್ದರೆ ನೀವೂ ಎದ್ದು ಮನೆಗೆ ಕರೆದುಕೊಂಡು ಹೋಗಿ. ಚಿಕ್ಕಂದಿನಲ್ಲಿ ಅವನಿಗೆ ಯಾವ ಸಾರು ಇಷ್ಟವಿತ್ತೋ ಅದನ್ನೇ ಮಾಡಿ ಬಡಿಸಿ. ಬಳೆಯ ಮಾತು ಕೈ ತೊಳೆದ ಮೇಲೆ.