ವಾಷಿಂಗ್ ಮೆಷಿನ್‌ಗೆ ನೀರು ಹತ್ತುತ್ತಿಲ್ವಾ? ಬೋರ್ಡ್ ಬಿಚ್ಚುವ ಮೊದಲು ಅಳತೆ ಟೇಪ್ ಹಿಡಿಯಿರಿ

ಪ್ರಶ್ನೆ (ತೀರ್ಥಹಳ್ಳಿಯಿಂದ): ಮೊದಲ ಮಹಡಿಯಲ್ಲಿ ಫ್ರಂಟ್ ಲೋಡ್ ಮೆಷಿನ್ ಇದೆ. ಅರ್ಧ ಗಂಟೆಯಾದರೂ ನೀರು ತುಂಬಲ್ಲ, ಎರರ್ ತೋರಿಸಿ ನಿಲ್ಲುತ್ತದೆ. ಟ್ಯಾಂಕ್ 500 ಲೀಟರಿನದು, ಮೇಲಿನ ಆರ್‌ಸಿಸಿ ತಾರಸಿಯ ಮೇಲೇ ಇದೆ. ರಿಪೇರಿಯವರು ಮೆಷಿನ್ನಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಅಂತಾರೆ, ಪ್ಲಂಬರ್ 1000 ಲೀಟರಿನ ಟ್ಯಾಂಕ್ ಹಾಕಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ, ಪ್ರತಿ ಸಲವೂ ಯಾರೋ ಒಬ್ಬರು ಅಷ್ಟರಲ್ಲಿ ಬೋರ್ಡಿಗೆ ದುಡ್ಡು ಕೊಟ್ಟಾಗಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ನಲ್ಲಿ ಬಂದ್ ಮಾಡಿ, ಪ್ಲಗ್ ತೆಗೆಯಿರಿ. ಮೆಷಿನ್ ಹಿಂದಿನ ಇನ್‌ಲೆಟ್ ಪೈಪ್ ಬಿಚ್ಚಿ. ಒಳಗೆ ಬೆರಳ ತುದಿಯಷ್ಟು ದೊಡ್ಡ ಜಾಲರಿ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಬರುತ್ತದೆ. ಅಬ್ಬಿ ನೀರಿನ (ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ನೀರಿನ) ಮನೆಗಳಲ್ಲಿ ಜುಲೈ ಹೊತ್ತಿಗೆ ಈ ಜಾಲರಿಗೆ ಕೆಮ್ಮಣ್ಣು ಪಾಯಸದ ಹಾಗೆ ಮೆತ್ತಿಕೊಂಡಿರುತ್ತದೆ, ನಡುವೆ ಒಂದೆರಡು ಎಲೆ ಚೂರು, ಪಾಚಿ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ಹಾಕಿ. ಅರ್ಧಕ್ಕರ್ಧ ಮನೆಗಳಲ್ಲಿ ಕತೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಟೇಪ್ ತೆಗೆದುಕೊಂಡು ಟ್ಯಾಂಕಿನ ತಳದಿಂದ ಮೆಷಿನ್ನಿನ ನಲ್ಲಿಗೆ ಎಷ್ಟು ಎತ್ತರ ಅಂತ ಅಳೆಯಿರಿ. ನೀರಿನ ಒತ್ತಡ ಬರುವುದು ಎತ್ತರದಿಂದ, ಟ್ಯಾಂಕಿನ ಗಾತ್ರದಿಂದ ಅಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ), ಅಷ್ಟೇ ಲೆಕ್ಕ. ಎಷ್ಟೋ ಫ್ರಂಟ್ ಲೋಡ್ ಮೆಷಿನ್‌ಗಳಿಗೆ ಕಡಿಮೆಯೆಂದರೂ 0.3 ಬಾರ್ ಬೇಕು, ಕೆಲವಕ್ಕೆ 0.5, ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ನೋಡಿ. 0.3 ಅಂದರೆ 10 ಅಡಿ. ನಿಮ್ಮ ಕೋಣೆ 10 ಅಡಿ ಎತ್ತರ ಇದ್ದು, ನಲ್ಲಿ ನೆಲದಿಂದ ಮೂರೂವರೆ ಅಡಿ ಮೇಲಿದ್ದರೆ, ಟ್ಯಾಂಕಿನ ತಳದಿಂದ ನಲ್ಲಿಗೆ ಹೆಚ್ಚೆಂದರೆ ಏಳು ಅಡಿ ಸಿಕ್ಕೀತು. ಸಾಲಲ್ಲ. ಅಲ್ಲಿ 5000 ಲೀಟರಿನ ಟ್ಯಾಂಕ್ ಇಟ್ಟರೂ ಹೆಚ್ಚು ಬದಲಾಗಲ್ಲ.

ಮೆಷಿನ್ ಕೆಳಗಿನ ಮನೆಗೆ ಇಳಿಸಲು ಆದರೆ ಅದೇ ಒಳ್ಳೇದು, ಖರ್ಚಿಲ್ಲ. ಆಗದಿದ್ದರೆ ಟ್ಯಾಂಕನ್ನು ಐದಡಿ ಸ್ಟ್ಯಾಂಡ್ ಮೇಲೆ ಏರಿಸಿ. ಆದರೆ 500 ಲೀಟರ್ ನೀರು ಅಂದರೆ ಅರ್ಧ ಟನ್ ತೂಕ, ನಮ್ಮ ಮಳೆಗಾಳಿಯೂ ಗೊತ್ತಲ್ಲ, ತೆಳ್ಳಗಿನ ಆಂಗಲ್‌ನಲ್ಲಿ ಮಾಡಿಸಬೇಡಿ. ಮೂರನೆಯದು ಸಣ್ಣ ಪ್ರೆಷರ್ ಪಂಪ್. ಅದನ್ನು ಟ್ಯಾಂಕಿನಿಂದ ಬರುವ ಲೈನಿಗೆ ಮಾತ್ರ ಹಾಕಿಸಿ. ಬೀದಿ ನಲ್ಲಿಯ ಲೈನಿಗೆ ಹಾಕಿದರೆ ಒಡೆದ ಜಾಯಿಂಟಿನಿಂದ ಚರಂಡಿ ನೀರನ್ನೂ ಎಳೆದೀತು, ಪಕ್ಕದ ಮನೆಗೆ ನೀರೂ ಇಲ್ಲದಂತಾಗುತ್ತದೆ.

ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಬೋರ್‌ವೆಲ್ ನೀರಿನ ಕೆಂಪು ಹೋಗುತ್ತಾ? (ಹೊಸನಗರ) ಇಲ್ಲ. ಕಟ್ಟಲು ಬಂದವರಿಗೆ ಬಾಗಿಲು ತೆರೆಯಬೇಡಿ. ಅದು ಕಬ್ಬಿಣದ ಅಂಶ, ಗಾಳಿಯಾಡಿಸಿ ಮರಳಿನ ಫಿಲ್ಟರಿನಲ್ಲಿ ಸೋಸಬೇಕು. ಬಟ್ಟೆಯ ಕಲೆಗೆ ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿ ಕೂರುತ್ತದೆ.

ತಿಂಗಳಿಗೊಮ್ಮೆ ಡಿಸ್ಕೇಲ್ ಪುಡಿ (ಗಡಸು ನೀರಿನ ಬಿಳಿ ಪದರ ತೆಗೆಯುವ ಪುಡಿ) ಹಾಕಬೇಕಾ? (ಸಾಗರ) ನಿಮ್ಮದು ಅಬ್ಬಿ ನೀರು, ಮೆದು ನೀರು. ಬೇಡ. ಸೋಪಿನ ಪುಡಿಯನ್ನೂ ಕಡಿಮೆ ಮಾಡಿ, ನೊರೆ ಜಾಸ್ತಿಯಾಗಿ ಮೆಷಿನ್ ಒದ್ದಾಡುತ್ತದೆ.

ಫ್ರಂಟ್ ಲೋಡ್‌ನಲ್ಲಿ ನೀರು ತುಂಬಿದ ಹಾಗೇ ಹೊರಗೆ ಹೋಗುತ್ತದೆ, ಯಾಕೆ? (ಶಿವಮೊಗ್ಗ) ಕೊಳಕು ನೀರಿನ ಪೈಪನ್ನು ನೆಲದ ಮೇಲೆ ಬಿಟ್ಟಿದ್ದೀರಿ, ಅಲ್ವಾ? ಅದರ ತುದಿಯನ್ನು ಎರಡರಿಂದ ಮೂರು ಅಡಿ ಎತ್ತರಕ್ಕೆ ಕಟ್ಟಿ. ಇವತ್ತೇ ಕಟ್ಟಿ.