ಮೊದಲ ಪಾಠ ಡ್ರೈವರ್‌ಗೆ ಬೇಡ, ಚಿಪ್ಪಿಂಗ್‌ಗೆ ಇರಲಿ

ಹೊರದೇಶಕ್ಕೆ ಬಂದು ಕೆಲವೇ ತಿಂಗಳಾಗಿದೆ, ಆಫೀಸಿನವರು ಶನಿವಾರ ಗಾಲ್ಫ್‌ಗೆ ಕರೆಯುತ್ತಾರೆ, ದೂರದ ಹೊಡೆತ ಹೇಗೋ ಆಗುತ್ತದೆ, ಗ್ರೀನ್ (ಹೋಲ್ ಸುತ್ತಲಿನ ನುಣುಪಾದ ಹುಲ್ಲಿನ ಜಾಗ) ಹತ್ತಿರ ಬಂದರೆ ಎಲ್ಲ ಕೆಡುತ್ತದೆ ಅಂತ ಬರೆದಿದ್ದೀರಿ. ಕೋಚ್ ಹತ್ತಿರ ಹೋಗಬೇಕಾ, ಸುಮ್ನೆ ಅಭ್ಯಾಸ ಮಾಡಿದರೆ ಸಾಕಾ ಅಂತ ನಿಮ್ಮ ಪ್ರಶ್ನೆ. ಖಂಡಿತ ಹೋಗಿ. ಆದರೆ ಚಿಪ್ಪಿಂಗ್ (ಗ್ರೀನ್ ಹತ್ತಿರದಿಂದ ಚೆಂಡನ್ನು ಸಣ್ಣದಾಗಿ ಹಾರಿಸುವುದು), ಪಟ್ಟಿಂಗ್ (ಗ್ರೀನ್ ಮೇಲೆ ಹೋಲ್ ಕಡೆಗೆ ಉರುಳಿಸುವುದು) ಕಲಿಯಬೇಕು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಗಂಟೆಯೆಲ್ಲ ಡ್ರೈವರ್‌ನಲ್ಲೇ (ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್) ಕಳೆದುಹೋಗುತ್ತದೆ.

ಲೆಕ್ಕ ನೋಡಿ. ಪ್ರತಿ ಗ್ರೀನ್ ಮೇಲೆ ಎರಡು ಪಟ್ ಅಂತ ಹಿಡಿದೇ ಪಾರ್ (ಇಷ್ಟು ಹೊಡೆತದಲ್ಲಿ ಮುಗಿಯಬೇಕು ಅನ್ನುವ ಲೆಕ್ಕ) ಗೊತ್ತುಮಾಡಿರುತ್ತಾರೆ. 18 ಹೋಲ್‌ಗೆ 36 ಪಟ್ ಆಯಿತು. ಪಾರ್ 72 ಇರುವ ಕೋರ್ಸ್‌ನಲ್ಲಿ ಅದೇ ಅರ್ಧ ಆಟ. ಈ ಅರ್ಧಕ್ಕೆ ತೋಳ್ಬಲ ಬೇಡ, ವಯಸ್ಸೂ ಅಷ್ಟಾಗಿ ಅಡ್ಡ ಬರುವುದಿಲ್ಲ.

ಕೋಚ್ ಯಾಕೆ ಬೇಕು ಅಂದರೆ, ಚಿಪ್‌ನಲ್ಲಿ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ಹೊಸಬರು ಚೆಂಡನ್ನು ಮೇಲಕ್ಕೆ ಎತ್ತಲು ಹೋಗುತ್ತಾರೆ. ಕ್ರಿಕೆಟ್ ಆಡಿ ಪಳಗಿದ ಕೈ ಆದರೆ ಮಣಿಕಟ್ಟು ಇನ್ನೂ ಬೇಗ ತಿರುಗುತ್ತದೆ. ಆಗ ಕ್ಲಬ್ ಚೆಂಡಿಗಿಂತ ಮೊದಲು ನೆಲಕ್ಕೆ ತಗಲುತ್ತದೆ, ಇಲ್ಲವೇ ಚೆಂಡಿನ ನಡುವಿಗೆ ಬಡಿದು ಅದು ಗ್ರೀನ್ ದಾಟಿ ಓಡುತ್ತದೆ. ಎತ್ತುವ ಕೆಲಸ ಕ್ಲಬ್‌ನ ಲಾಫ್ಟ್‌ದು, ಅಂದರೆ ಅದರ ಮುಖದ ಓರೆಯದು, ನಮ್ಮದಲ್ಲ. ಬಲಗೈ ಆಟಗಾರರಾದರೆ ಭಾರ ಎಡಗಾಲಿನ ಮೇಲೆ ಇರಲಿ, ಹೊಡೆದು ಮುಗಿಯುವ ತನಕ ಅಲ್ಲೇ ಇರಲಿ. ಕೈಗಳು ಚೆಂಡಿಗಿಂತ ಸ್ವಲ್ಪ ಮುಂದಿರಲಿ. ಕೇಳಿದಾಗ ಸುಲಭ ಅನ್ನಿಸುತ್ತದೆ, ಅಲ್ವಾ? ನಿಮ್ಮ ಫೋನ್‌ನಲ್ಲೇ ಒಂದು ವಿಡಿಯೋ ತೆಗೆದುಕೊಡಲು ಕೋಚ್‌ಗೆ ಹೇಳಿ, ಎಲ್ಲಿ ಕೆಡುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಒಂದು ಪಾಠಕ್ಕೆ ಒಂದೇ ವಿಷಯ ಸಾಕು. ಮುಂದಿನ ಪಾಠಕ್ಕೆ ಎರಡು ಮೂರು ವಾರ ಬಿಡಿ, ಕಲಿತದ್ದು ಕೈಗೆ ಹತ್ತಬೇಕು.

ಅಭ್ಯಾಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಒಂದನ್ನೇ: ಹೋಲ್ ನೋಡಬೇಡಿ, ಚೆಂಡು ಬೀಳಬೇಕಾದ ಜಾಗ ನೋಡಿ. ಗ್ರೀನ್ ಅಂಚಿನಿಂದ ಎರಡು ಹೆಜ್ಜೆ ಒಳಗೆ ಒಂದು ಟವೆಲ್ ಹಾಸಿ. ಅದರ ಮೇಲೆ ಬೀಳುವ ಹಾಗೆ 8ನೇ ನಂಬರ್ ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್ ಈ ಮೂರು ಕ್ಲಬ್‌ಗಳಲ್ಲೂ (ಓರೆ ಒಂದಕ್ಕಿಂತ ಒಂದರದು ಹೆಚ್ಚು) ಹೊಡೆದು ನೋಡಿ. ಐರನ್‌ನದು ಬಿದ್ದ ಮೇಲೆ ತುಂಬ ದೂರ ಉರುಳುತ್ತದೆ, ಸ್ಯಾಂಡ್ ವೆಡ್ಜ್‌ನದು ಬೇಗ ನಿಲ್ಲುತ್ತದೆ. ಈ ಅಂದಾಜು ಬಂದರೆ ಕ್ಲಬ್ ಆರಿಸುವ ಗೊಂದಲವೇ ಇರುವುದಿಲ್ಲ. ದಾರಿಯಲ್ಲಿ ಅಡ್ಡ ಏನೂ ಇಲ್ಲದಿದ್ದರೆ ಎತ್ತರಕ್ಕೆ ಹಾರಿಸದೆ ನೆಲದ ಹತ್ತಿರವೇ ಉರುಳಿಸಿ.

ಆಮೇಲೆ ಒಂದೇ ಚೆಂಡು ಇಟ್ಟುಕೊಂಡು ಆಡಿ. ಎಲ್ಲೋ ಒಂದು ಕಡೆ ಎಸೆಯಿರಿ, ಚಿಪ್ ಮಾಡಿ, ಪಟರ್ ತೆಗೆದುಕೊಂಡು ಹೋಲ್‌ಗೆ ಹಾಕಿ ಮುಗಿಸಿ. ಪಂದ್ಯದಲ್ಲಿ ಅದೇ ಜಾಗದಿಂದ ಎರಡನೇ ಅವಕಾಶ ಸಿಗುವುದಿಲ್ಲವಲ್ಲ. ದೂರದ ಪಟ್‌ನಲ್ಲಿ ದಿಕ್ಕಿಗಿಂತ ವೇಗ ಮುಖ್ಯ. ಹತ್ತಿರದ್ದಕ್ಕೆ ಎರಡು ಟೀ (ಚೆಂಡು ಇಡುವ ಪುಟ್ಟ ಗೂಟ) ನೆಟ್ಟು ಅವುಗಳ ನಡುವೆ ಚೆಂಡು ಹಾಯಿಸಿ. ಹೋಲ್ ಅಗಲ 108 ಮಿಲಿಮೀಟರ್ ಮಾತ್ರ.

ಬಂಕರ್‌ಗೆ (ಮರಳಿನ ಗುಂಡಿ) ಬೇರೆಯೇ ಒಂದು ಪಾಠ ಇಟ್ಟುಕೊಳ್ಳಿ. ಸದ್ಯಕ್ಕೆ ಒಂದು ನಿಯಮ ನೆನಪಿರಲಿ: ಅಭ್ಯಾಸದ ಬೀಸಿನಲ್ಲಿ ಕ್ಲಬ್ ಮರಳಿಗೆ ತಾಗಬಾರದು. ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಹೊಡೆತ ದಂಡ.

ಜೊತೆಯವರ ಮುಂದೆ ಸಂಕೋಚ ಅಂತಲೂ ಬರೆದಿದ್ದೀರಿ. ಕೆಟ್ಟ ಹೊಡೆತಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ತುಂಬ ತಡ ಮಾಡಿದರೆ, ಬೇರೆಯವರ ಪಟ್ ಲೈನ್ (ಚೆಂಡು ಹೋಲ್‌ಗೆ ಉರುಳುವ ದಾರಿ) ತುಳಿದರೆ, ಬಂಕರ್ ಮರಳು ಸಮ ಮಾಡದೆ ಬಂದರೆ ಮಾಡಿಕೊಳ್ಳುತ್ತಾರೆ. ಇನ್ನು ನೀವು ಬರೆದ ಒಂಟಿತನದ ಮಾತು. ದೂರದ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಾರೆ, ಮಾತು ಬೆಳೆಯುವುದಿಲ್ಲ. ಅಭ್ಯಾಸದ ಗ್ರೀನ್ ಮೇಲೆ ಹಾಗಲ್ಲ. ನನಗೆ ಇಲ್ಲಿ ಸಿಕ್ಕ ಒಳ್ಳೆಯ ಸ್ನೇಹಿತರಲ್ಲಿ ಹಲವರು ಅಲ್ಲೇ ಪರಿಚಯವಾದವರು. ಗುಂಪಿನ ಪಾಠ ಇದ್ದರೆ ಅದಕ್ಕೇ ಸೇರಿ.

ಮೊದಲ ದಿನಕ್ಕೆ ಪಟರ್, 8ನೇ ನಂಬರ್ ಐರನ್, ಸ್ಯಾಂಡ್ ವೆಡ್ಜ್ ಸಾಕು. ಚೆಂಡನ್ನು ತುಂಬ ಎತ್ತರಕ್ಕೆ ಹಾರಿಸುವ 60 ಡಿಗ್ರಿಯ ಲಾಬ್ ವೆಡ್ಜ್ ಈಗಲೇ ಕೊಳ್ಳಬೇಡಿ.